ಬಿದ್ದವರು ಏಳುವುದನ್ನು ಕಲಿಯುತ್ತಿದ್ದ ಜಾಗಕ್ಕೆ ಕೀಲಿ ಹಾಕಿದವರಿಗೆ

ಮಾನ್ಯ ಅಧಿಕಾರಿಗಳೇ,

ನಮ್ಮೂರ ವ್ಯಾಯಾಮಶಾಲೆಯನ್ನು ಹೆಂಗಸರ ಹೊತ್ತಿಗೆ ತೆರೆಯುತ್ತಿದ್ದ ಕೀಲಿಕೈ ನಿಮ್ಮ ಮೇಜಿನ ಖಾನೆಯಲ್ಲಿದೆ. ಅದು ನಮಗೆ ಬೇಕು. ಹೆಂಗಸರೆಲ್ಲ ಸೇರಿ ಅದನ್ನು ಕೇಳಲು ನಿಮ್ಮ ಕಚೇರಿಗೆ ಬಂದೆವು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮರುವಾರ ಬಂದೆವು. ಸಾಹೇಬರು ಬೆಳಗಾವಿಗೆ ಹೋಗಿದ್ದಾರೆ ಎಂದರು. ಅದರ ಮುಂದಿನ ವಾರ ನೀವು ಒಳಗೇ ಇದ್ದಿರಿ, ಕಿಟಕಿಯಿಂದ ಕಾಣಿಸುತ್ತಿದ್ದಿರಿ. ಆದರೂ ನಮ್ಮನ್ನು ಹೊರಗೆ ಕೂರಿಸಿ, ಚಹಾ ಕುಡಿಸಿ, ಬಹಳ ಗೌರವದಿಂದ ಮನೆಗೆ ಕಳಿಸಿಕೊಟ್ಟರು. ಗೌರವ ಕಡಿಮೆಯಾಯಿತೆಂದು ನನ್ನ ದೂರಲ್ಲ. ಆ ಗೌರವದಿಂದಲೇ ನಮ್ಮ ಕಾಲುಗಳು ಹೋಗುತ್ತಿವೆ ಎಂಬುದು ನನ್ನ ದೂರು.

ಇಂಥ ಬಹಿರಂಗ ಪತ್ರಗಳನ್ನು ಸಿಟ್ಟಿನಿಂದ ಬರೆಯುವುದು ರೂಢಿ. ನನಗೂ ಸಿಟ್ಟಿದೆ, ಇಲ್ಲವೆನ್ನುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಿದೆ. ಬಚ್ಚಲಿಗೆ ಹೋಗುವಾಗ ಹೆದರಿಕೆ, ಹೊಸ್ತಿಲು ದಾಟುವಾಗ ಹೆದರಿಕೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಮೇಲಿನ ಡಬ್ಬಿ ಇಳಿಸಬೇಕಾದರೆ ಹೆದರಿಕೆ. ಈ ಪತ್ರ ಬರೆಯುವುದಕ್ಕೂ ಹೆದರಿಕೆಯೇ. ಅದಕ್ಕೆಂದೇ ಊರಿನ ಹೆಸರು ಬರೆಯುವುದಿಲ್ಲ, ಹುಕ್ಕೇರಿ ತಾಲ್ಲೂಕು ಎಂದಷ್ಟೇ ಹೇಳುತ್ತೇನೆ. ನಮಗೆ ಕಲಿಸುತ್ತಿದ್ದ ಹುಡುಗಿಯನ್ನು ಇಲ್ಲಿ ಸಾಯಿರಾ ಎಂದು ಕರೆದಿದ್ದೇನೆ. ಅದು ಅವಳ ನಿಜವಾದ ಹೆಸರಲ್ಲ. ನಿಮಗೆ ಗೊತ್ತಿರುವ ಹೆಸರು ಇದನ್ನು ಓದುವ ಉಳಿದವರಿಗೆ ಗೊತ್ತಾಗುವುದು ಬೇಡ. ಅವಳದು ತಾತ್ಕಾಲಿಕ ನೇಮಕ, ನಿಮ್ಮದೇ ಸಹಿಯದು. ನನ್ನ ಮೇಲಿನ ಸಿಟ್ಟನ್ನು ನೀವು ಅವಳ ಮೇಲೆ ತೀರಿಸಿಕೊಂಡರೆ ನಾನು ಯಾರ ಮುಂದೆ ಹೋಗಿ ಅಳಲಿ?

ನಿಮ್ಮ ಆದೇಶವನ್ನು ಓದಿದೆ. ಬರೀ ಓದಲಿಲ್ಲ, ಅದರ ಕಸೂತಿಯನ್ನು ಮೆಚ್ಚಿಕೊಂಡೂ ಓದಿದೆ. ಹಿಡಕಲ್ ಅಣೆಕಟ್ಟಿನ ಕಚೇರಿಯೊಂದರಲ್ಲಿ ನಿವೃತ್ತಿಯಾಗುವವರೆಗೂ ಟೈಪ್ ಮಾಡುತ್ತಿದ್ದವಳು ನಾನು. ಈ ಭಾಷೆ ನನಗೆ ತವರು ಮನೆಯ ಭಾಷೆಯಿದ್ದಂತೆ. ‘ಹಿರಿಯ ಮಹಿಳೆಯೊಬ್ಬರು ಭಾರ ಎತ್ತುವಾಗ ಕುಸಿದುಬಿದ್ದ ಅವಘಡದ ಹಿನ್ನೆಲೆಯಲ್ಲಿ, ಮಹಿಳೆಯರ ಸುರಕ್ಷತೆ ಹಾಗೂ ಘನತೆಯನ್ನು ಗಮನದಲ್ಲಿರಿಸಿ, ವ್ಯಾಯಾಮಶಾಲೆಯ ಮಹಿಳಾ ಅವಧಿಯನ್ನು ಮುಂದಿನ ಆದೇಶದವರೆಗೆ ಸ್ಥಗಿತಗೊಳಿಸಲಾಗಿದೆ.’ ಎಷ್ಟು ಚೆನ್ನಾಗಿದೆ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದಾಗ ನಾವು ‘ಮುಂದಿನ ಆದೇಶದವರೆಗೆ’ ಎಂದು ಬರೆಯುತ್ತಿದ್ದೆವು. ಆ ಮುಂದಿನ ಆದೇಶ ಬಂದದ್ದನ್ನು ನನ್ನ ಸರ್ವಿಸಿನಲ್ಲಿ ನೋಡಿದ ನೆನಪಿಲ್ಲ.

ಕುಸಿದುಬಿದ್ದ ಆ ಹಿರಿಯ ಮಹಿಳೆ ನಾನು.

ಕಾಂಪೌಂಡಿನ ಆಚೆಯಿಂದ ಯಾರೋ ಮೊಬೈಲಿನಲ್ಲಿ ಹಿಡಿದ ಆ ಫೋಟೋವನ್ನು ನೀವು ನೋಡಿದ್ದೀರಿ. ನಾನು ನೆಲದ ಮೇಲೆ ಅಂಗಾತ ಬಿದ್ದಿದ್ದೇನೆ. ಪಕ್ಕದಲ್ಲಿ ಮರಳಿನ ಚೀಲವಿದೆ. ಸುತ್ತಲೂ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ, ಒಬ್ಬರೂ ಬಗ್ಗಿ ಕೈ ಕೊಡುತ್ತಿಲ್ಲ. ‘ಮುದುಕಿ ಬಿದ್ದು ಒದ್ದಾಡುತ್ತಿದ್ದರೆ ಉಳಿದವರು ನಗುತ್ತಿದ್ದಾರೆ, ಇದೇನು ವ್ಯಾಯಾಮ?’ ಎಂಬ ಒಕ್ಕಣೆ ಹೊತ್ತು ಅದು ವಾಟ್ಸಾಪಿನಲ್ಲಿ ಗೋಕಾಕಕ್ಕೆ ಹೋಯಿತು, ಮೂಡಲಗಿಗೆ ಹೋಯಿತು, ನನ್ನ ಬೀಗರ ಮನೆಗೂ ಹೋಯಿತು, ಕೊನೆಗೆ ನಿಮ್ಮ ಕೈಗೆ ಬಂತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ನೀವು ಕಟ್ಟಿಬಿಟ್ಟಿರಿ. ಇದೇ ಊರಲ್ಲಿರುವ ನನ್ನನ್ನು ಕರೆಸಿ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ: ಸಾಹೇಬರೇ, ನಾನು ಬಿದ್ದಿರಲಿಲ್ಲ, ನನ್ನನ್ನು ಮಲಗಿಸಿದ್ದರು. ಆ ದಿನದ ಪಾಠವೇ ಅದಾಗಿತ್ತು.

ಭಾರ ಎತ್ತುವುದೆಂದರೆ ಬರೀ ಕಬ್ಬಿಣ ಎತ್ತುವುದಲ್ಲ, ಎಲ್ಲಕ್ಕಿಂತ ಮೊದಲು ನಮ್ಮ ನಮ್ಮ ಮೈಯನ್ನು ನಾವೇ ಎತ್ತಿಕೊಳ್ಳುವುದು ಎನ್ನುತ್ತಿದ್ದಳು ಸಾಯಿರಾ. ಒಬ್ಬೊಬ್ಬರನ್ನಾಗಿ ಫರಸಿ ಕಲ್ಲಿನ ನೆಲದ ಮೇಲೆ ಮಲಗಿಸಿ, ಉಳಿದವರು ಯಾರೂ ಮುಟ್ಟಕೂಡದು ಎಂದು ತಾಕೀತು ಮಾಡಿದ್ದಳು. ನಮ್ಮ ಜೊತೆಯ ನಸೀಮಾಬಿಯವರು, ಸಾಯಿರಾ ಅವರನ್ನು ಅಜ್ಜಿ ಎಂಬರ್ಥದಲ್ಲಿ ದಾದಿ ಎನ್ನುತ್ತಿದ್ದಳು, ತಡೆಯಲಾರದೆ ನನಗೆ ಕೈ ಕೊಡಲು ಬಂದಾಗ ಗದರಿದಳು ಕೂಡ.

“ದಾದಿ, ಹಿಂದ ಸರೀರಿ. ಮನ್ಯಾಗ ಬಿದ್ದಾಗ ನೀವು ಇರತೀರೇನು? ಬಾಯಾರ, ನೀವು ಅವಸರ ಮಾಡಬ್ಯಾಡ್ರಿ. ಮೊದಲ ಒಂದ ಮಗ್ಗಲಕ್ಕ ಹೊಳ್ಳ್ರಿ. ಮೊಣಕೈ ಊರ್ರಿ. ಈಗ ಮೊಣಕಾಲ. ಉಸರ ಹಿಡೀಬ್ಯಾಡ್ರಿ, ಬಿಡ್ರಿ.”

ಮೊಣಕೈ ಊರಿದೆ, ಮೊಣಕಾಲು ಊರಿದೆ, ಒಂದು ಪಾದವನ್ನು ಮುಂದಿಟ್ಟೆ, ಎದ್ದೆ. ಹೆಂಗಸರು ನಕ್ಕದ್ದು ಖರೆ. ನಾನು ಎದ್ದು ನಿಂತಾಗ ಸೆರಗು ಸರಿಪಡಿಸಿಕೊಂಡು ಮದುವಣಗಿತ್ತಿಯ ಹಾಗೆ ನಾಚಿಕೊಂಡೆನಂತೆ. ಫೋಟೋ ತೆಗೆದ ಮಹಾನುಭಾವನು ಇನ್ನೊಂದು ಗಳಿಗೆ ತಡೆದಿದ್ದರೆ ಅದನ್ನೂ ಹಿಡಿಯಬಹುದಿತ್ತು. ಆದರೆ ಹೆಂಗಸು ಎದ್ದು ನಿಂತ ಚಿತ್ರವನ್ನು ಯಾರು ತಾನೇ ಮುಂದಕ್ಕೆ ಕಳಿಸುತ್ತಾರೆ?

ನೆಲದಿಂದ ಏಳುವುದೂ ಒಂದು ವಿದ್ಯೆಯೇ, ಅದಕ್ಕೂ ಒಬ್ಬ ಗುರು ಬೇಕೇ ಎಂದು ನೀವು ನಗಬಹುದು. ನನ್ನ ಅಕ್ಕನಿಗೆ ಆದದ್ದನ್ನು ಕೇಳಿದ ಮೇಲೆ ನಗಿರಿ.

ಅಕ್ಕನ ಹೆಸರು ಚನ್ನವ್ವ. ಅಂಕಲಗಿಗೆ ಕೊಟ್ಟ ಹೆಣ್ಣು. ನಾನು ಸಾಲಿ ಕಲಿತು ಕುರ್ಚಿಯ ಮೇಲೆ ಕುಳಿತವಳು, ಅವಳು ಹೊಲ ಮಾಡಿದವಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ದಾರಿಯಲ್ಲಿ ನಿಂತು ಹರಟೆ ಹೊಡೆಯುವಷ್ಟು ಕಸುವು ಅವಳಿಗಿತ್ತು. ಮಗ ಬಾಳೇಶನಿಗೆ ಮೂಡಲಗಿಯಿಂದ ಹೆಣ್ಣು ತಂದರು. ಸೊಸೆ ಲಕ್ಷ್ಮೀ ಬಂಗಾರದಂಥ ಹುಡುಗಿ. ಮನೆ ತುಂಬಿದ ಮಾರನೆಯ ದಿನವೇ ಅತ್ತೆಯ ಕೈಯಿಂದ ಕೊಡ ಇಸಿದುಕೊಂಡಳು. “ಅತ್ತೀ, ಇಷ್ಟ ದಿನಾ ದುಡದೀರಿ. ಇನ್ನ ನೀವು ಕುಂಡ್ರರಿ” ಎಂದಳು.

ನಮ್ಮ ಸೀಮೆಯಲ್ಲಿ ಹೆಂಗಸಿಗೆ ಸಿಗುವ ಅತಿ ದೊಡ್ಡ ಮರ್ಯಾದೆ ಇದು, ಕೂರಿಸುವುದು. ಸೊಸೆ ಬಂದ ಮೇಲೂ ಅತ್ತೆ ಕೊಡ ಎತ್ತಿದರೆ ಓಣಿಯವರು ಮಗನ ಮುಖಕ್ಕೆ ಉಗಿಯುತ್ತಾರೆ. ಹೀಗಾಗಿ ಅಕ್ಕನನ್ನು ಕೂರಿಸಿದರು. ಮೊದಲು ಕಟ್ಟೆಯ ಮೇಲೆ, ಆಮೇಲೆ ಕುರ್ಚಿಯ ಮೇಲೆ, ಆಮೇಲೆ ಕುರ್ಚಿಯ ಮೇಲೊಂದು ಗಾದಿ. ಅವಳು ಕಸಬರಿಗೆ ಹಿಡಿದರೆ ಕಸಿದುಕೊಂಡರು. ರೊಟ್ಟಿ ಬಡಿಯಲು ಕುಳಿತರೆ ಎಬ್ಬಿಸಿದರು. ತಾಟು ಕೈಗೆ ಬಂತು, ಚಹಾ ಕೈಗೆ ಬಂತು. “ಪುಣ್ಯಾ ಮಾಡೀ ಬಿಡವಾ ಚನ್ನವ್ವಾ” ಎಂದು ಓಣಿಯ ಹೆಂಗಸರೆಲ್ಲ ಹೊಟ್ಟೆಕಿಚ್ಚುಪಟ್ಟರು. ಅಂಕಲಗಿಗೆ ಹೋದಾಗ ನಾನೂ ಪಟ್ಟೆ. ಕಾಯಕದ ಮಾತನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನೆ ಅದು. ಅದರ ಕೆಳಗೇ ಅವಳ ಕುರ್ಚಿ. ಹೀಗೆ ಕೆಲವು ವರ್ಷ ಕಳೆದವು. ಅವಳ ತೊಡೆಗಳು ಕೋಲಾದದ್ದು ಸೀರೆಯ ಒಳಗೆ ಯಾರಿಗೂ ಕಾಣಲಿಲ್ಲ.

ಒಂದು ದಿನ ಎಲ್ಲರೂ ಕಬ್ಬಿನ ಹೊಲಕ್ಕೆ ಹೋಗಿದ್ದರು. ಅಂಗಳದಲ್ಲಿ ಜೋಳ ಒಣಹಾಕಿತ್ತು. ಮೇಕೆಯೊಂದು ನುಗ್ಗಿತು. ಅಕ್ಕ ಹಾಯ್ ಹಾಯ್ ಎನ್ನುತ್ತ ಎದ್ದು, ನಾಲ್ಕು ಹೆಜ್ಜೆ ಹೋಗಿ, ಕಾಲು ಮಡಚಿ ಮೆಲ್ಲಗೆ ಕುಸಿದಳು. ಪೆಟ್ಟೇ ಆಗಲಿಲ್ಲವಂತೆ. ತನಗೇ ನಗು ಬಂತಂತೆ. ಏಳಲು ನೋಡಿದಳು. ಆಗಲಿಲ್ಲ. ಕೈಯೂರಿದಳು, ಕೈ ಜಾರಿತು. ಮೊಣಕಾಲು ಮಡಚಲು ನೋಡಿದಳು, ಅದು ಮಾತೇ ಕೇಳಲಿಲ್ಲ. ಮೇಕೆ ಹೋಗಲಿಲ್ಲ. ಅವಳ ಮುಖದ ಮುಂದೆಯೇ ನಿಂತು ಜೋಳ ತಿಂದಿತು. ಬಿಸಿಲು ಅಂಗಳಕ್ಕೆ ಇಳಿದು ಅವಳ ಮೈಮೇಲೆ ಬಂತು. ಆಚೆ ಓಣಿಯಲ್ಲಿ ಜನ ಓಡಾಡುವುದು ಕೇಳುತ್ತಿತ್ತು. ಕೂಗಿದಳು, ಟ್ರ್ಯಾಕ್ಟರಿನ ಹಾಡಿನಲ್ಲಿ ಅವಳ ಕೂಗು ಯಾರಿಗೂ ಕೇಳಲಿಲ್ಲ. ಕುರ್ಚಿಯ ಮೇಲಿನ ಮೊಬೈಲು ಹೊಡೆದುಕೊಂಡಿತು, ನಿಂತಿತು. ಆ ಫೋನು ನಾನು ಮಾಡಿದ್ದು. ದಿನಾ ಊಟದ ಹೊತ್ತಿಗೆ ಮಾಡುತ್ತೇನೆ. ಮಲಗಿರಬೇಕು ಎಂದುಕೊಂಡು ಇಟ್ಟುಬಿಟ್ಟೆ.

ಇಳಿಹೊತ್ತಿನಲ್ಲಿ ಲಕ್ಷ್ಮೀ ಬಂದು ಬಾಗಿಲು ತೆರೆದಾಗ ಅಕ್ಕನ ತುಟಿ ಒಡೆದಿತ್ತು, ಸೀರೆ ಒದ್ದೆಯಾಗಿತ್ತು, ಕಣ್ಣು ಮಾತ್ರ ತೆರೆದೇ ಇತ್ತು. ಗೋಕಾಕಕ್ಕೆ ಒಯ್ದೆವು. ಡಾಕ್ಟರು ಎಕ್ಸರೇ ಮೇಲೆತ್ತಿ ಬೆಳಕಿಗೆ ಹಿಡಿದು ನೋಡಿ, “ಎಲುಬು ಎಲ್ಲೂ ಮುರದಿಲ್ರಿ. ಕಾಲಾಗ ಕಸುವ ಇಲ್ಲ, ಅಷ್ಟ” ಎಂದರು. ಗುಳಿಗೆ ಕೊಡಿ ಎಂದೆ. “ಇದಕ್ಕ ಗುಳಗಿ ಇಲ್ರಿ ಬಾಯಾರ. ಕಾಲಿಗೆ ಕೆಲಸಾ ಕೊಡಬೇಕು, ಭಾರಾ ಕೊಡಬೇಕು, ಸಾವಕಾಶ” ಎಂದರು.

ಅಕ್ಕ ಮನೆಗೆ ಬಂದವಳು ಮಂಚ ಬಿಟ್ಟು ಇಳಿಯಲಿಲ್ಲ. ನನ್ನ ಕೈ ಹಿಡಿದುಕೊಂಡು ಹೇಳಿದಳು: “ನಾ ಬೀಳೂದಕ್ಕ ಅಂಜಂಗಿಲ್ಲ ಶೈಲಾ. ಬಿದ್ದಲ್ಲೇ ಇರೂದಕ್ಕ ಅಂಜತೀನಿ. ನಮ್ಮ ಅಂಗಳದಾಗ, ನಮ್ಮ ಬಾಗಲ ಮುಂದ, ಹೆಣಾ ಆದಂಗ ಬಿದ್ದಿದ್ದೆ ನೋಡ.”

ನಾನು ಅವಳಿಗಿಂತ ಸಣ್ಣವಳು, ಬಹಳ ಸಣ್ಣವಳಲ್ಲ. ನನ್ನ ಮಗನೂ ಸೊಸೆಯೂ ಸಂಕೇಶ್ವರದಲ್ಲಿ ಅಂಗಡಿ ನೋಡಿಕೊಂಡು ಸಂಜೆಗೆ ಮನೆಗೆ ಬರುತ್ತಾರೆ. ನನ್ನನ್ನೂ ಬಹಳ ಪ್ರೀತಿಯಿಂದ ಕೂರಿಸಿದ್ದಾರೆ. ಆ ವಾರವೇ ನಾನು ವ್ಯಾಯಾಮಶಾಲೆಯ ಮೆಟ್ಟಿಲು ಹತ್ತಿದೆ.

ಅದು ಹಳೆಯ ತಾಲೀಮು, ಕುಸ್ತಿಯ ಗರಡಿ. ಸರಕಾರ ಅದಕ್ಕೆ ಬಣ್ಣ ಬಳಿದು ವ್ಯಾಯಾಮಶಾಲೆ ಎಂದು ಬೋರ್ಡು ಹಾಕಿತು. ಒಳಗೆ ಕೆಂಪು ಮಣ್ಣಿನ ಅಖಾಡವಿದೆ, ಹನುಮಪ್ಪನ ಫೋಟೋ ಇದೆ. ಹೆಂಗಸರು ಆ ಮಣ್ಣಿಗೆ ಇಳಿಯುವುದಿಲ್ಲ. ಅದು ಅಲ್ಲಿಯ ಪದ್ಧತಿ. ಇಳಿಯುತ್ತೇವೆಂದು ನಾವೂ ಹಟ ಹಿಡಿಯಲಿಲ್ಲ. ಅಲ್ಲಿ ಕುಸ್ತಿ ಕಲಿಸುವ ಹಿರಿಯ ವಸ್ತಾದ ಮೌಲಾಅಲಿಯವರೇ, “ಮಣ್ಣ ಬ್ಯಾಡ್ರಿ, ಬಾಜೂಕ ಫರಸಿ ಬೇಕಾದಷ್ಟ ಐತಿ. ಗಟ್ಟಿ ಆಗಾಕ ಮಣ್ಣ ಯಾಕ ಬೇಕು?” ಎಂದು ಜಾಗ ತೆರವು ಮಾಡಿಸಿಕೊಟ್ಟಿದ್ದರು. ಕಿರಿಕಿರಿ ಮಾಡಿದವರು ಗರಡಿಯ ಒಳಗೆ ಯಾವತ್ತೂ ಕಾಲಿಡದವರೇ.

ಅವರ ವಾದಗಳನ್ನು ನೀವೂ ಕೇಳಿರುತ್ತೀರಿ, ಯಾಕೆಂದರೆ ನಿಮ್ಮ ಆದೇಶದ ಹಿಂದೆ ಅವೇ ನಿಂತಿವೆ. ನಮ್ಮ ಹೆಂಗಸರು ಮೊದಲೇ ಕಬ್ಬಿನ ಹೊರೆ ಹೊರುತ್ತಾರೆ, ನೀರು ಹೊರುತ್ತಾರೆ, ಮಕ್ಕಳನ್ನು ಹೊರುತ್ತಾರೆ, ಇವರಿಗೆ ಇನ್ನೇನು ಭಾರ ಎನ್ನುತ್ತಾರೆ. ಹೊರುತ್ತಾರೆ, ಖರೆ. ಹೊಲದ ಹೊರೆ ಹೆಂಗಸಿನ ಬೆನ್ನನ್ನು ಕೇಳಿ ತೂಕ ಹಾಕಿಕೊಳ್ಳುತ್ತದೆಯೇ? ಬಸುರಿಯಾಗಿದ್ದಾಗ ಕಡಿಮೆಯಾಗುತ್ತದೆಯೇ? ಬಾಣಂತಿಗೆ ರಜೆ ಕೊಡುತ್ತದೆಯೇ? ಮನೆಯ ಅವಸರಕ್ಕೆ ತಕ್ಕಂತೆ ಒಂದೇ ಸಲ ಎತ್ತಿ ಸೊಂಟ ಮುರಿದುಕೊಳ್ಳುವುದು ಬೇರೆ. ಇವತ್ತಿಗೆ ಇಷ್ಟು, ಮುಂದಿನ ವಾರಕ್ಕೆ ಇನ್ನಿಷ್ಟು ಎಂದು ಮೈಗೆ ರೂಢಿ ಮಾಡಿಸುತ್ತ, ನಡುವೆ ದಣಿವಾರಿಸಿಕೊಳ್ಳುತ್ತ ಎತ್ತುವುದು ಬೇರೆ. ಮೇಲಾಗಿ ಹರೆಯವಿರುವವರೆಗೆ ಕತ್ತೆಯಂತೆ ಹೊರಿಸಿ, ಆಮೇಲೆ ದೇವರಂತೆ ಕೂರಿಸುವುದು ಎಲ್ಲಿಯ ನ್ಯಾಯ? ದೇವರನ್ನಾದರೂ ವರ್ಷಕ್ಕೊಮ್ಮೆ ಪಲ್ಲಕ್ಕಿಯಲ್ಲಿ ಹೊರಗೆ ತರುತ್ತಾರೆ.

ಹೆಂಗಸರು ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆ ಎಂಬುದು ಇನ್ನೊಂದು. ಇದನ್ನು ಹೇಳುವವರೆಲ್ಲ ಗಂಡಸರು ಎಂಬುದನ್ನು ಪಕ್ಕಕ್ಕಿಡೋಣ. ಸಾಯಿರಾ ಪ್ರತಿಯೊಬ್ಬರನ್ನೂ ಮೊದಲು ಡಾಕ್ಟರ ಬಳಿ ಕಳಿಸಿದ್ದಳು. ಅಂಥ ತೊಂದರೆ ಮೊದಲೇ ಇದ್ದವರಿಗೆ ಬೇರೆ ವ್ಯಾಯಾಮ, ರಕ್ತದೊತ್ತಡ ಇದ್ದವರಿಗೆ ಬೇರೆ ಎಚ್ಚರಿಕೆ. ಉಸಿರು ಕಟ್ಟಿ ಎತ್ತಿದರೆ ಅವಳು ಚೀಲ ಕಸಿದುಕೊಳ್ಳುತ್ತಿದ್ದಳು. ನೀರಿನ ಕೊಡ ಎತ್ತುವಾಗ, ಗ್ಯಾಸಿನ ಸಿಲಿಂಡರ್ ಎಳೆಯುವಾಗ ನಮ್ಮ ಗರ್ಭಕೋಶದ ಬಗ್ಗೆ ಇಷ್ಟು ಕಾಳಜಿ ವಹಿಸಿದ ಒಬ್ಬ ಗಂಡಸನ್ನೂ ನಾನು ಕಂಡಿಲ್ಲ.

ಇದು ಮುದುಕಿಯರ ಸಮಾಚಾರವಷ್ಟೇ ಎಂದೂ ತಿಳಿಯಬೇಡಿ. ನಮ್ಮಲ್ಲಿ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಎಲುಬಿಗೆ ಗಟ್ಟಿತನ ಕೂಡಿಬೀಳುವ ವಯಸ್ಸೇ ಅದು, ಈಗ ಕೂಡಿಟ್ಟದ್ದು ಮುಂದೆ ಬರುತ್ತದೆ ಎಂದು ಸಾಯಿರಾ ಅವಳಿಗೆ ಹೇಳುತ್ತಿದ್ದಳು. ಬೆನ್ನು ಗೂನಾಗಿಸಿಕೊಂಡು ಎದೆ ಮುಚ್ಚಿ ನಡೆಯುತ್ತಿದ್ದ ಆ ಹುಡುಗಿ ನೆಟ್ಟಗೆ ನಡೆಯತೊಡಗಿದ್ದಳು. ಎರಡು ಹೆರಿಗೆಯ ನಂತರ ಸೊಂಟ ಹಿಡಿದುಕೊಂಡೇ ರೊಟ್ಟಿ ಬಡಿಯುತ್ತಿದ್ದವರು ಬರುತ್ತಿದ್ದರು. ಮುಟ್ಟು ನಿಲ್ಲುವ ಕಾಲದಲ್ಲಿ ಮೈಯುರಿ, ನಿದ್ದೆಗೇಡು, ಸುಮ್ಮಸುಮ್ಮನೆ ಅಳು ಎಂದು ಒದ್ದಾಡುತ್ತಿದ್ದವರು ಬರುತ್ತಿದ್ದರು. ಆ ಕಾಲದಲ್ಲೇ ಎಲುಬು ಬೇಗ ಸವೆಯುತ್ತದಂತೆ, ಮಾಂಸಖಂಡ ಬೇಗ ಇಳಿಯುತ್ತದಂತೆ. ಸಕ್ಕರೆ ಕಾಯಿಲೆಯ ನಸೀಮಾಬಿಯವರಿಗೆ, ನಿಮ್ಮ ಸಕ್ಕರೆ ಹಿಡಿತಕ್ಕೆ ಬರುತ್ತಿದೆ, ಇದನ್ನು ಬಿಡಬೇಡಿ ಎಂದು ಅವರ ಡಾಕ್ಟರೇ ಹೇಳಿದ್ದರು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೂ ಘನತೆಯಿಲ್ಲದ ಸಂಸ್ಥೆಯೇ ಇರಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಕ್ಕನನ್ನು ನಾನು ಅಂಕಲಗಿಯಿಂದ ನನ್ನ ಮನೆಗೆ ಕರೆತಂದೆ. ಸುಲಭವಾಗಿ ಕಳಿಸಲಿಲ್ಲ. ಬಾಳೇಶ ಬಾಗಿಲಲ್ಲಿ ಅಡ್ಡ ನಿಂತು ಕೇಳಿದ: “ಚಿಗವ್ವ, ಅವ್ವಗ ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ? ಕುಂತ ಉಣ್ಣಲಿ. ನಾವೇನ ಆಕಿಗೆ ಕಡಿಮಿ ಮಾಡೇವೇನು?”

ಏನೂ ಕಡಿಮೆ ಮಾಡಿರಲಿಲ್ಲ. ತೊಂದರೆಯಾದದ್ದೇ ಅದರಿಂದ. ಲಕ್ಷ್ಮೀ ಮಾತ್ರ ಕಣ್ಣೊರೆಸಿಕೊಂಡು, “ಕಳಸ್ರಿ. ಆ ದಿನಾ ಅತ್ತೀ ಬಿದ್ದದ್ದ ನೋಡದಾಕಿ ನಾನು” ಎಂದಳು. ಆಮೇಲೆ ದಾರಿ ಬಿಟ್ಟ.

ವ್ಯಾಯಾಮಶಾಲೆಗೆ ರಿಕ್ಷಾದಲ್ಲಿ ಕರೆದೊಯ್ಯುತ್ತಿದ್ದೆ. ಸಾಯಿರಾ ಅವಳನ್ನು ಎತ್ತರದ ಮಂಚದಂಥ ಬಾಕಿನಿಂದ, ಅಂದರೆ ಬೆಂಚಿನಿಂದ, ಏಳಿಸಿ ಕೂರಿಸುವುದರಿಂದ ಶುರು ಮಾಡಿದಳು. ಮೊದಲ ದಿನ ಅಕ್ಕ ಗೋಡೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಡುಗಿದಳು, ಬೆವೆತಳು, ನನ್ನನ್ನು ಬೈದಳು. ಬರಬರುತ್ತ ಒಂದು ಕೈ ಬಿಟ್ಟಳು, ಆಮೇಲೆ ಎರಡನ್ನೂ ಬಿಟ್ಟಳು. ಆಮೇಲೆ ಕುರ್ಚಿಯಿಂದ ಏಳುವುದು. ಅದಾದ ಮೇಲೆ ಎದೆಗೆ ಸಣ್ಣ ಮರಳಿನ ಚೀಲ ಅವುಚಿಕೊಂಡು ಕುರ್ಚಿಯಿಂದ ಏಳುವುದು. ಕೂಸು ಎತ್ತಿಕೊಂಡಂತೆ ಅದನ್ನು ಅವುಚಿಕೊಂಡು ಅವಳು ಎದ್ದುನಿಂತ ದಿನ ಹದಿಹರೆಯದ ಹುಡುಗಿಯ ಹಾಗೆ ತುಟಿ ಕಚ್ಚಿಕೊಂಡಿದ್ದಳು. ಮನೆಗೆ ಬಂದು ಬಾಳೇಶನಿಗೆ ತಾನೇ ಫೋನು ಮಾಡಿಸಿದಳು. ಕುರ್ಚಿ ಮುಗಿದು ಮಣೆಗೆ ಬಂದಿದ್ದಳು. ಮಣೆಯಿಂದ ಏಳುವುದು ಒಂದು ಹದಕ್ಕೆ ಬಂದಿತ್ತು. ಇನ್ನು ನೆಲವೊಂದೇ ಉಳಿದಿತ್ತು.

ಆ ವಾರ ನೀವು ಕೀಲಿ ಹಾಕಿದಿರಿ.

ಮನೆಯಲ್ಲಿ ಮಾಡಿಕೊಳ್ಳಬಹುದಲ್ಲ ಎಂದು ನೀವು ಕೇಳುತ್ತೀರಿ. ಮಾಡಲು ನೋಡಿದೆವು. ಅಕ್ಕ ನೆಲಕ್ಕೆ ಬಗ್ಗಿದರೆ ಸಾಕು, ನನ್ನ ಸೊಸೆ ಒಲೆಯ ಮೇಲಿನದನ್ನು ಬಿಟ್ಟು ಓಡಿ ಬರುತ್ತಾಳೆ, ಪಕ್ಕದ ಮನೆಯವರು ಕುರ್ಚಿ ತರುತ್ತಾರೆ. ಮನೆಗಳಲ್ಲಿ ಪ್ರೀತಿ ಜಾಸ್ತಿ, ಸಾಹೇಬರೇ. ಮುಟ್ಟಬೇಡಿ, ಅವರೇ ಏಳಲಿ ಎಂದು ಗದರುವವರು ಅಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ಉಳಿದರೆ ಅವಳಿಗೆ ಧೈರ್ಯ ಸಾಲುವುದಿಲ್ಲ. ನನಗೂ ಸಾಲುವುದಿಲ್ಲ. ಅವಳು ಕುಸಿದರೆ ಅವಳನ್ನು ಎತ್ತುವಷ್ಟು ಕಸುವು ನನ್ನಲ್ಲಿಲ್ಲ. ಹಿಡಿದುಕೊಳ್ಳುವ ಕಂಬಿ ನಿಮ್ಮ ಗೋಡೆಯಲ್ಲಿದೆ, ಚೀಲಗಳು ನಿಮ್ಮ ಕೋಣೆಯಲ್ಲಿವೆ. ಹತ್ತು ಹೆಂಗಸರು ಒಟ್ಟಿಗೆ ಮಾಡುವಾಗ ಹುಟ್ಟುತ್ತಿದ್ದ ಧೈರ್ಯವೂ ಆ ಕೋಣೆಯಲ್ಲೇ ಇದೆ. ಸಾಯಿರಾ ಮನೆಮನೆಗೆ ಬರುತ್ತೇನೆಂದಳು. ಬಂದರೆ ನಿಮ್ಮ ಆದೇಶ ಮೀರಿದಳೆಂದು ನೋಟೀಸು ಬರಬಹುದೆಂದು ನಾನೇ ಬೇಡವೆಂದೆ.

ಕೀಲಿ ಬಿದ್ದ ಮೇಲೆ ಅಕ್ಕ ಮಣೆಯನ್ನು ಬಿಟ್ಟು ಮತ್ತೆ ಕುರ್ಚಿಗೆ ಬಂದಿದ್ದಾಳೆ. ಮೊನ್ನೆಯಿಂದ ಕುರ್ಚಿಯಿಂದ ಏಳುವಾಗಲೂ ಕೈ ಊರುತ್ತಿದ್ದಾಳೆ. ಬಾಳೇಶ ಫೋನು ಮಾಡಿ, ಬಂದು ಕರೆದೊಯ್ಯುತ್ತೇನೆ ಎನ್ನುತ್ತಿ‌ದ್ದಾನೆ. ಆ ಫೋಟೋ ಅವನಿಗೂ ಬಂದಿದೆ. ಅದರಲ್ಲಿ ನಾನು ಬಿದ್ದಿರುವುದನ್ನು ಕಂಡ ಮೇಲೆ ಅವನಿಗೆ ನನ್ನ ಮಾತಿನ ಮೇಲೆ ನಂಬಿಕೆಯಿಲ್ಲ. ಕರೆದೊಯ್ದರೆ ಅಕ್ಕ ಮತ್ತೆ ಆ ಗಾದಿಯ ಮೇಲೆ ಕುಳಿತುಕೊಳ್ಳುತ್ತಾಳೆ, ಮತ್ತೆ ಎಂದೂ ಏಳುವುದಿಲ್ಲ.

ನನ್ನ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಹೋದ ವಾರ ಅಕ್ಕ ಮಲಗಿದ್ದಾಗ ನಾನು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನೆಲದ ಮೇಲೆ ಮಲಗಿದೆ. ಫೋಟೋದಲ್ಲಿದ್ದಂತೆಯೇ, ಅಂಗಾತ. ಎದ್ದು ನೋಡೋಣ ಎಂದು. ಮಗ್ಗುಲಿಗೆ ಹೊರಳಿದೆ. ಮೊಣಕೈ ಊರಿದೆ. ಮೊಣಕಾಲಿಗೆ ಬರುವಷ್ಟರಲ್ಲಿ ತೊಡೆ ನಡುಗಿ ಮತ್ತೆ ನೆಲಕ್ಕೊರಗಿದೆ. ಸೂರಿನ ತಗಡು ಕಾಣುತ್ತಿತ್ತು. ನಲ್ಲಿಯ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಅಂಗಳದಲ್ಲಿ ಬಿದ್ದು ಏನೇನು ಕಂಡಿದ್ದಳೋ ಅದೆಲ್ಲ ನನಗೂ ಕಾಣತೊಡಗಿತು. ಕೂಗಲೂ ನಾಚಿಕೆ. ಕೂಗಿದರೆ ಏಳಲಾರದ ಅಕ್ಕ ಗಾಬರಿಯಿಂದ ಏಳಲು ಹೋಗಿ ಬೀಳುತ್ತಾಳೆ. ಕಟ್ಟೆಯ ಅಂಚು ಕೈಗೆ ಸಿಕ್ಕಿದ್ದರಿಂದ ಹೇಗೋ ಎದ್ದೆ. ಎದ್ದ ಮೇಲೆ ನಾನು ಖುಷಿಪಡಲಿಲ್ಲ. ಕಟ್ಟೆಯಿಲ್ಲದ ಕಡೆ ಬಿದ್ದರೆ ಏನು ಗತಿ ಎಂದು ನಿಂತಲ್ಲೇ ಅತ್ತೆ.

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದನ್ನು ಕೇಳಿದ್ದೆ. ನೀವು ನೆಗಡಿಯೇ ಆಗದ ಮೂಗನ್ನು ಕೊಯ್ದಿದ್ದೀರಿ.

ಆದರೂ ನಿಮ್ಮನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ. ವ್ಯಾಯಾಮಶಾಲೆಯ ಉದ್ಘಾಟನೆಯ ದಿನ ನಿಮ್ಮ ತಾಯಿಯವರನ್ನು ನೋಡಿದ್ದೇನೆ. ಕಾರಿನಿಂದ ಅವರನ್ನು ನೀವೂ ಡ್ರೈವರೂ ಎರಡು ಕಡೆ ಹಿಡಿದು ಇಳಿಸಿದಿರಿ. ಮುಂದಿನ ಸಾಲಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಅವರ ಕಾಲ ಬಳಿ ಬಗ್ಗಿ ಸೀರೆಯ ನೆರಿಗೆ ಸರಿ ಮಾಡಿದಿರಿ. ಹಿಂದೆ ಕುಳಿತಿದ್ದ ಹೆಂಗಸರೆಲ್ಲ, ಮಗ ಇದ್ದರೆ ಹೀಗಿರಬೇಕು ಎಂದರು. ನಾನೂ ಅಂದೆ. ಭಾಷಣಗಳು ಮುಗಿಯುವವರೆಗೂ ಅವರು ಕಾಲು ಕದಲಿಸಲಿಲ್ಲ. ರಾಷ್ಟ್ರಗೀತೆಗೆ ಎಲ್ಲರೂ ಎದ್ದಾಗ ಕುರ್ಚಿಯ ಕೈ ಹಿಡಿದು ಅವರೂ ಏಳಲು ನೋಡಿದರು. ನೀವು ಮೆಲ್ಲಗೆ ಅವರ ಹೆಗಲ ಮೇಲೆ ಕೈಯಿಟ್ಟು, ಇರಲಿ ಎನ್ನುವಂತೆ ಕೂರಿಸಿದಿರಿ. ಪ್ರೀತಿಯಿಂದಲೇ ಕೂರಿಸಿದಿರಿ. ನಮ್ಮ ಬಾಳೇಶನೂ ಪ್ರೀತಿಯಿಂದಲೇ ಕೂರಿಸಿದ್ದ. ನಿಮ್ಮ ತಾಯಿ ಹಗಲಿನಲ್ಲಿ ಮನೆಯಲ್ಲಿ ಒಬ್ಬರೇ ಇರುತ್ತಾರೆಯೇ ಎಂದು ನಾನು ಕೇಳಲಾರೆ. ನೀವೇ ಒಮ್ಮೆ ಕೇಳಿಕೊಳ್ಳಿ. ಇಷ್ಟು ಮಾತ್ರ ಹೇಳುತ್ತೇನೆ, ಅವರು ಬಂದರೆ ಅವರಿಗೂ ಜಾಗವಿದೆ. ಎತ್ತರದ ಬಾಕಿನಿಂದಲೇ ಶುರು ಮಾಡಬಹುದು.

ನಮ್ಮ ಬೇಡಿಕೆ ದೊಡ್ಡದಲ್ಲ. ಕೀಲಿ ತೆಗೆಯಿರಿ. ಮೊದಲಿನಂತೆ, ಗಂಡಸರು ಹೋದ ಮೇಲಿನ ಹೊತ್ತನ್ನು ನಮಗೆ ಕೊಡಿ. ಸಾಯಿರಾಳನ್ನು ಅಲ್ಲಿಯೇ ಮುಂದುವರಿಸಿ. ಸುರಕ್ಷತೆಯ ಚಿಂತೆ ನಿಜವಾಗಿದ್ದರೆ ಫರಸಿಯ ಮೇಲೆ ರಬ್ಬರಿನ ಚಾಪೆ ಹಾಸಿ, ಇನ್ನೊಂದು ಕಂಬಿ ಕೂರಿಸಿ, ಕಾಂಪೌಂಡನ್ನು ಎತ್ತರಿಸಿ. ಫೋಟೋ ತೆಗೆದವನನ್ನು ಹುಡುಕಿ ಎಂದು ನಾವು ಕೇಳುವುದಿಲ್ಲ.

ಬರುವ ಸೋಮವಾರದೊಳಗೆ ಕೀಲಿ ತೆಗೆಯದಿದ್ದರೆ ನಾವೆಲ್ಲ ನಿಮ್ಮ ಕಚೇರಿಗೆ ಬಂದು ನೆಲದ ಮೇಲೆ ಕೂರುತ್ತೇವೆ. ಧರಣಿ ಕೂರುವವರು, ಬೇಡಿಕೆ ಈಡೇರುವ ತನಕ ಏಳುವುದಿಲ್ಲ ಎಂದು ಕೂಗುವುದು ವಾಡಿಕೆ. ನಾವು ಹಾಗೆ ಕೂಗುವ ಅಗತ್ಯವಿಲ್ಲ. ಅಕ್ಕನೂ ಬರುತ್ತೇನೆಂದಿದ್ದಾಳೆ. ಅವಳನ್ನು ಕೆಳಗೆ ಕೂರಿಸಲು ನಮ್ಮಲ್ಲಿ ಇಬ್ಬರು ಮೂವರು ಸಾಕು. ಆದರೆ ನೀವು ಅಷ್ಟರಲ್ಲಿ ಮನಸ್ಸು ಬದಲಿಸಿ ಬೇಡಿಕೆ ಒಪ್ಪಿದರೂ ಅವಳು ಏಳಲಾರಳು. ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ನೀವೇ ಬಗ್ಗಿ, ತೋಳಿಗೆ ಕೈ ಹಾಕಿ ಅವಳನ್ನು ಎತ್ತಬೇಕಾಗುತ್ತದೆ. ಏಳಲಾರದ ಒಬ್ಬ ಹೆಂಗಸಿನ ಭಾರ ಎಷ್ಟೆಂಬುದು ಆಗ ನಿಮ್ಮ ಕೈಗೇ ತಿಳಿಯುತ್ತದೆ. ಅವಳ ಪಕ್ಕದಲ್ಲಿ ನಾನೂ ಕುಳಿತಿರುತ್ತೇನೆ. ನಾನು ಏಳಬಲ್ಲೆನೋ ಇಲ್ಲವೋ ನನಗೇ ಗೊತ್ತಿಲ್ಲ.

ಇಂತಿ,
ಧೈರ್ಯವಿಲ್ಲದಿದ್ದರೂ ಸಹಿ ಹಾಕಿರುವ,
ಸದ್ಯಕ್ಕೆ ಯಾರ ಕೈಯನ್ನೂ ಹಿಡಿಯದೆ ನಿಂತಿರುವ
ಶೈಲಾ
ಹುಕ್ಕೇರಿ ತಾಲ್ಲೂಕು